ಬೆಂದ ಮೊಟ್ಟೆ, ಕತ್ತರಿಸಿದ ಟ್ಯೂಬು ಮತ್ತು ಐದು ಲೋಷನ್ ಬಾಟಲಿಗಳು

ತಲೆಯ ಮೇಲೆ ಮೊಟ್ಟೆ ಬೇಯಿಸಿಕೊಂಡವಳ ಮಾತು ಇದು. ಅದನ್ನು ತಿಳಿದುಕೊಂಡೇ ಮುಂದೆ ಓದಿ.

ಪಾರ್ಲರಿನ ಖರ್ಚು ಉಳಿಸೋಣ ಅಂತ ಎರಡು ಮೊಟ್ಟೆ ಒಡೆದು, ಒಂದು ಚಮಚ ಎಣ್ಣೆ ಸೇರಿಸಿ, ಚೆನ್ನಾಗಿ ಕಲಸಿ ಕೂದಲಿಗೆ ಹಚ್ಚಿಕೊಂಡಿದ್ದೆ. ಅರ್ಧ ಗಂಟೆ ಹಾಗೇ ಕೂತೆ. ಚಳಿ ಇತ್ತು, ಬಿಸಿಬಿಸಿ ನೀರು ಸುರಿದುಕೊಂಡೆ. ಅಷ್ಟೇ. ಮೊಟ್ಟೆ ಕೂದಲಲ್ಲೇ ಗಟ್ಟಿಯಾಗಿ ಬಿಳಿ ಬಿಳಿ ಚೂರಾಯಿತು. ಬಾಚಣಿಗೆ ಹಿಡಿದು ಒಂದೊಂದೇ ಆರಿಸುತ್ತ ಕೂತಿದ್ದಾಗ ತಂಗಿ ಬಾಗಿಲಲ್ಲಿ ನಿಂತು, "ಅಕ್ಕಾ, ಸ್ವಲ್ಪ ಉಪ್ಪು ತಂದ್ಕೊಡ್ಲಾ?" ಅಂದಳು.

ಅದನ್ನು ತೊಳೆದು ತೆಗೆಯಲು ಮೂರು ಸಲ ಶಾಂಪೂ ಹಾಕಿದೆ. ಉಳಿತಾಯ ಅಲ್ಲೇ ಹರಿದು ಹೋಯಿತು. ಹಾಗಾಗಿ ಮೊಟ್ಟೆ ಮಾಸ್ಕ್‌ಗೆ ನನ್ನ ಅಂಕ ಹತ್ತಕ್ಕೆ ಒಂದು. ಆ ಒಂದು ಅಂಕವೂ ತಂಗಿ ನಕ್ಕಿದ್ದಕ್ಕೆ.

ಈ ಉಳಿತಾಯದ ಹುಚ್ಚು ಶುರುವಾಗಿದ್ದು ಕಳೆದ ವರ್ಷ, ಡ್ರಾಯರ್ ಖಾಲಿ ಮಾಡಿದ ದಿನ. ಬಾಯಿ ತೆರೆದ ಬಾಡಿ ಲೋಷನ್ ಬಾಟಲಿಗಳೇ ಐದು ಸಿಕ್ಕವು. ಐದನ್ನೂ ಆಫರಿನಲ್ಲಿ ತಂದಿದ್ದೆ. ಒಂದೊಂದನ್ನೂ ತಂದ ದಿನ "ಎಷ್ಟು ಉಳಿಯಿತು!" ಅಂತ ಖುಷಿಪಟ್ಟಿದ್ದೂ ನೆನಪಿದೆ. ಒಂದು ಮೈಗೆ ಐದು ಬಾಟಲಿ. ಯಾವ ಲೆಕ್ಕದಲ್ಲಿ ಉಳಿತಾಯ ಹೇಳಿ?

ಅವತ್ತೇ ತೀರ್ಮಾನ ಮಾಡಿದೆ. ಇರುವುದು ಮುಗಿಯುವವರೆಗೆ ಹೊಸದು ತರುವುದಿಲ್ಲ. ಅಡುಗೆಮನೆಯಲ್ಲಿ ಏನಾದರೂ ಆಗುತ್ತದಾ ನೋಡುತ್ತೇನೆ. ತರಲೇಬೇಕಾದರೆ ಅಗ್ಗದ್ದನ್ನು ತಂದು, ಪೂರ್ತಿ ಬಳಸಿ ನೋಡುತ್ತೇನೆ. ಈಗ ಒಂದು ವರ್ಷ ಆಯಿತು.

ಅಗ್ಗದ ವಸ್ತುಗಳಲ್ಲಿ ನನ್ನ ಮನಸ್ಸು ಗೆದ್ದದ್ದು ಪೆಟ್ರೋಲಿಯಂ ಜೆಲ್ಲಿ. ಹೌದು, ಅದೇ ಹಳೇ ವ್ಯಾಸಲೀನ್. ರಾಬರ್ಟ್ ಚೀಸ್‌ಬ್ರೋ ಎಂಬ ರಸಾಯನ ತಜ್ಞ 1872ರಲ್ಲಿ ಅದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಕಚ್ಚಾ ಎಣ್ಣೆ ಎತ್ತುವ ಯಂತ್ರಗಳಿಗೆ ಅಂಟುತ್ತಿದ್ದ ಜಿಡ್ಡನ್ನು ಕೆಲಸಗಾರರು ಗಾಯಕ್ಕೆ ಹಚ್ಚಿಕೊಳ್ಳುವುದನ್ನು ನೋಡಿ ಅವನಿಗೆ ಇದು ಹೊಳೆಯಿತಂತೆ. ನಾನು ಮಾಡುತ್ತಿದ್ದ ತಪ್ಪು ಅಂದರೆ ಒಣಗಿದ ಚರ್ಮಕ್ಕೆ ಹಚ್ಚುತ್ತಿದ್ದದ್ದು. ಜೆಲ್ಲಿ ತಾನಾಗಿ ತೇವ ಕೊಡುವುದಿಲ್ಲ, ಇರುವ ತೇವ ಹಾರಿಹೋಗದಂತೆ ಮುಚ್ಚಳ ಹಾಕುತ್ತದೆ. ಸ್ನಾನ ಆದ ತಕ್ಷಣ, ಟವೆಲ್‌ನಿಂದ ಒತ್ತಿ ಒರೆಸಿ, ಇನ್ನೂ ಒದ್ದೆ ಇರುವಾಗಲೇ ತೆಳ್ಳಗೆ ಹಚ್ಚಬೇಕು. ಕಡಲೆಕಾಳಿನಷ್ಟು ತೆಗೆದುಕೊಂಡು ಎರಡೂ ಅಂಗೈಯಲ್ಲಿ ಉಜ್ಜಿದರೆ ಎರಡು ಮೊಣಕೈಗೆ ಸಾಕು. ಒಡೆದ ಹಿಮ್ಮಡಿಗೆ ಹಚ್ಚಿ ಸಾಕ್ಸ್ ಹಾಕಿ ಮಲಗಿದೆ. ವಾರದಲ್ಲಿ ಬೆಡ್‌ಶೀಟಿಗೆ ಕಾಲು ಸಿಕ್ಕಿಹಾಕಿಕೊಳ್ಳುವುದು ನಿಂತಿತು. ಹತ್ತಕ್ಕೆ ಒಂಬತ್ತು. ಮುಖಕ್ಕೆ ಹಚ್ಚಿದರೆ ದಿಂಬಿನ ಹತ್ತಿಯೆಲ್ಲ ಅಂಟುತ್ತದೆ, ಅದಕ್ಕೆ ಒಂದು ಅಂಕ ಕಡಿಮೆ.

ಈ ವರ್ಷ ಕಲಿತ ಇನ್ನೊಂದು ವಿದ್ಯೆ ಬಾಟಲಿಯ ಹಿಂಭಾಗ ಓದುವುದು. ಒಳಗೆ ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರುತ್ತದೆ, ಹಾಗೇ ಇಳಿಯುತ್ತ ಹೋಗುತ್ತದೆ. ಶೇಕಡಾ 1ಕ್ಕಿಂತ ಕಡಿಮೆ ಇರುವುದನ್ನು ಮಾತ್ರ ಹೇಗೆ ಬೇಕಾದರೂ ಬರೆಯಬಹುದು. ನನ್ನ ಡ್ರಾಯರಿನಲ್ಲಿದ್ದ ಅತಿ ದುಬಾರಿ ಲೋಷನ್ನನ್ನೂ ಅತಿ ಅಗ್ಗದ ಲೋಷನ್ನನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಮೊದಲು ನೀರು, ಆಮೇಲೆ ಗ್ಲಿಸರಿನ್. ದುಬಾರಿಯದರ ಮುಂದೆ ದೊಡ್ಡದಾಗಿ ಹೂವಿನ ಚಿತ್ರ ಇತ್ತಲ್ವಾ, ಆ ಹೂವಿನ ಸಾರ ಎಲ್ಲಿದೆ ಅಂತ ಹುಡುಕಿದರೆ ಸುಗಂಧವೂ ಮುಗಿದ ಮೇಲೆ, ಕೊನೆಯಿಂದ ಎರಡನೆಯದು. ದುಡ್ಡು ಕೊಟ್ಟಿದ್ದು ಚಿತ್ರಕ್ಕೆ.

ಆಫರುಗಳ ಕಥೆಯೂ ಹೀಗೇ. ಒಂದು ಅಂಗಡಿಯಲ್ಲಿ "ಒಂದು ಕೊಂಡರೆ ಒಂದು ಉಚಿತ" ಅಂತ ವಿಟಮಿನ್ ಸಿ ಸೀರಮ್ ತಂದೆ. ಆಸೆಗೆ ಎರಡೂ ಬಾಟಲಿ ಒಟ್ಟಿಗೆ ತೆರೆದು, ಒಂದನ್ನು ಕೋಣೆಯಲ್ಲಿ, ಒಂದನ್ನು ಬಚ್ಚಲಲ್ಲಿ ಇಟ್ಟೆ. ಬಚ್ಚಲಿನದ್ದು ಕೆಲವೇ ವಾರಗಳಲ್ಲಿ ಕಡು ಚಹಾದ ಬಣ್ಣಕ್ಕೆ ತಿರುಗಿತು. ಗಾಳಿ, ಬೆಳಕು, ಬಿಸಿ, ಈ ಮೂರೂ ವಿಟಮಿನ್ ಸಿಗೆ ಆಗುವುದಿಲ್ಲ. ಉಚಿತವಾಗಿ ಬಂದದ್ದು ಸಿಂಕಿಗೆ ಹೋಯಿತು. ಇನ್ನೊಮ್ಮೆ "ಸ್ಪೆಷಲ್ ಪ್ಯಾಕ್" ಅಂತ 50 ಮಿಲಿಯ ಪುಟ್ಟ ಕ್ಲೆನ್ಸರ್ ಎತ್ತಿಕೊಂಡಿದ್ದೆ. ಬಿಲ್ಲಿನ ಸಾಲಿನಲ್ಲಿ ನಿಂತು ಸುಮ್ನೆ ಬೆಲೆಯನ್ನು ಮಿಲಿಯಿಂದ ಭಾಗಿಸಿದೆ. ಮಾಮೂಲಿ 200 ಮಿಲಿ ಬಾಟಲಿಗಿಂತ ಅದೇ ದುಬಾರಿ! ಸಾಲು ಬಿಟ್ಟು ವಾಪಸ್ ಇಟ್ಟು ಬಂದೆ. ಹಿಂದೆ ನಿಂತವರಿಗೆ ಮಾತ್ರ ಲಾಭ ಆಯಿತು.

ಬಾಟಲಿಯ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿಕ್ಕ ಚಿತ್ರ ಇರುತ್ತದೆ, ಒಳಗೆ 6 ಎಂ, 12 ಎಂ ಅಂತ ಬರೆದಿರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಅಂತ ಅರ್ಥ. ಈಗ ಏನು ತೆರೆದರೂ ಒಂದು ಚೂರು ಟೇಪ್ ಅಂಟಿಸಿ ತಾರೀಖು ಬರೆಯುತ್ತೇನೆ. ಮಸ್ಕಾರಾ ಮಾತ್ರ ಹೆಚ್ಚೆಂದರೆ ಮೂರು ತಿಂಗಳು. ಕಣ್ಣಿನ ವಿಷಯದಲ್ಲಿ ಜಿಪುಣತನ ಬೇಡ.

ಇನ್ನು ಕತ್ತರಿ. ಮನೆಯಲ್ಲಿರುವ ಅತ್ಯುತ್ತಮ ಸೌಂದರ್ಯ ಸಾಧನ ಇದೇ ಅಂತ ನನಗೆ ಈಗ ನಂಬಿಕೆ. ಫೇಸ್ ಕ್ರೀಮಿನ ಟ್ಯೂಬು ಒತ್ತಿದರೆ ಬರೀ ಪುಸ್ ಅನ್ನುತ್ತಿತ್ತು. ಬಿಸಾಡುವ ಮುಂಚೆ ಮಧ್ಯಕ್ಕೆ ಕತ್ತರಿಸಿ ನೋಡಿದೆ. ಒಳಗಿನ ಗೋಡೆಗೆಲ್ಲ ದಪ್ಪಗೆ ಕ್ರೀಮ್ ಮೆತ್ತಿಕೊಂಡಿತ್ತು, ಕತ್ತಿನ ಹತ್ತಿರ ಒಂದು ಗಡ್ಡೆಯೇ ಇತ್ತು. ತೊಳೆದು ಒಣಗಿಸಿದ ಪುಟ್ಟ ಡಬ್ಬಿಗೆ ಐಸ್‌ಕ್ರೀಮ್ ಕಡ್ಡಿಯಿಂದ ಬಳಿದು ತುಂಬಿಸಿದೆ. ಹನ್ನೊಂದು ದಿನ ಬಂತು! ಹತ್ತಕ್ಕೆ ಹತ್ತು, ಅದೂ ಕತ್ತರಿಗೆ.

ಮನೆಮದ್ದುಗಳಲ್ಲಿ ಉಳಿದುಕೊಂಡದ್ದು ಎರಡೇ. ಮೊದಲನೆಯದು ಓಟ್ಸ್. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲಿ ನುಣ್ಣಗೆ ಪುಡಿ ಮಾಡಿದ ಓಟ್ಸನ್ನು ಚರ್ಮ ಕಾಪಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ, ಹಾಗಾಗಿ ಇದು ಬರೀ ಬಾಯಿಮಾತಲ್ಲ. ಸಾದಾ ಓಟ್ಸನ್ನು ಮಿಕ್ಸಿಯಲ್ಲಿ ಹಾಕಿ ತಿರುಗಿಸಿ. ಒಂದು ಚಮಚ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಕಲಕಿ ನೋಡಿ. ನೀರು ಹಾಲಿನ ಹಾಗೆ ಬೆಳ್ಳಗಾದರೆ ಸರಿ, ಪುಡಿ ತಳ ಸೇರಿದರೆ ಮತ್ತೆ ಮಿಕ್ಸಿಗೆ. ನನ್ನ ಮೊದಲ ಸಲದ್ದು ತಳ ಸೇರಿತ್ತು, ಗೊತ್ತಿಲ್ಲದೆ ಹಾಗೇ ಹಚ್ಚಿಕೊಂಡು ಮರಳು ಉಜ್ಜಿಕೊಂಡಂತಾಗಿತ್ತು. ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಕೈಕಾಲು ತುರಿಸುವ ದಿನ ಹತ್ತು ನಿಮಿಷ ಹಚ್ಚಿಡುತ್ತೇನೆ, ಪೂರ್ತಿ ಒಣಗುವ ಮುಂಚೆ ತೊಳೆಯುತ್ತೇನೆ. ಆ ಹೊತ್ತಿಗೆ ಬೇಕಾದಷ್ಟೇ ಕಲಸಿ. ಇದರಲ್ಲಿ ಕೆಡದಂತೆ ಕಾಯುವ ಯಾವ ಪದಾರ್ಥವೂ ಇಲ್ಲ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕನೇ ದಿನ ಮುಚ್ಚಳ ತೆಗೆದವಳು ಹೇಳುತ್ತಿದ್ದೇನೆ, ನಂಬಿ.

ಎರಡನೆಯದು ತಲೆಸ್ನಾನಕ್ಕೆ ಮುಂಚೆ ತೆಂಗಿನೆಣ್ಣೆ. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ 2003ರ ಒಂದು ಅಧ್ಯಯನದಲ್ಲಿ, ಕೂದಲಿನ ಪ್ರೋಟೀನ್ ನಷ್ಟ ತಗ್ಗಿಸಿದ್ದು ತೆಂಗಿನೆಣ್ಣೆ ಒಂದೇ. ಕೂದಲಿಗೆ ಮಾತ್ರ, ಆಯ್ತಾ? ಉತ್ಸಾಹದಲ್ಲಿ ಮುಖಕ್ಕೂ ಹಚ್ಚಿ ನಾನು ಗಲ್ಲದ ತುಂಬ ಮೊಡವೆ ಬೆಳೆಸಿದ್ದೆ.

ಸಕ್ಕರೆ ಮತ್ತು ಎಣ್ಣೆಯ ಸ್ಕ್ರಬ್ ಕೈಕಾಲಿಗೆ ಚೆನ್ನಾಗಿದೆ, ಆದರೆ ಬಚ್ಚಲ ನೆಲ ಜಾರುಬಂಡೆ ಆಗುತ್ತದೆ. ಕಾಫಿ ಪುಡಿಯ ಸ್ಕ್ರಬ್ ಬೇಡವೇ ಬೇಡ. ನೀರು ಹೋಗುವ ಪೈಪು ಕಟ್ಟಿಕೊಂಡಿತು. ಪ್ಲಂಬರ್ ತೆಗೆದುಕೊಂಡ ದುಡ್ಡಿನಲ್ಲಿ ಒಳ್ಳೇ ಸ್ಕ್ರಬ್ಬೇ ಬರುತ್ತಿತ್ತು.

ನಿಂಬೆರಸದ ಮೇಲೆ ಮಾತ್ರ ನನಗೆ ನಿಜವಾದ ಸಿಟ್ಟಿದೆ. ಹುಳಿ ಅಳೆಯುವ ಅಂಕಿಗೆ ಪಿಎಚ್ ಅನ್ನುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ನಮ್ಮ ಚರ್ಮದ ಪಿಎಚ್ ಸುಮಾರು 5, ನಿಂಬೆಯದು ಸುಮಾರು 2. ಮೂರೇ ಅಂಕಿಯ ವ್ಯತ್ಯಾಸ ಅನ್ನಬೇಡಿ, ಒಂದೊಂದು ಅಂಕಿಗೂ ಹತ್ತು ಪಟ್ಟು. ಅಂದರೆ ಸಾವಿರ ಪಟ್ಟು ಹೆಚ್ಚು ಹುಳಿ. ಸಾಲದ್ದಕ್ಕೆ ಅದರಲ್ಲಿರುವ ಫ್ಯೂರನೋಕೌಮರಿನ್ ಎಂಬ ಅಂಶಕ್ಕೆ ಬಿಸಿಲು ತಾಗಿದರೆ ಚರ್ಮ ಸುಡುತ್ತದೆ. ತಂಗಿ ಕೈಗೆ ಹಚ್ಚಿಕೊಂಡು, ಸರಿಯಾಗಿ ತೊಳೆಯದೆ ಬಿಸಿಲಿಗೆ ಹೋದಳು. ಮೊದಲು ಕೆಂಪಾಯಿತು, ಆಮೇಲೆ ಕಂದು ಕಲೆ. ರಸ ಇಳಿದ ದಾರಿಯಲ್ಲೇ ಗೆರೆ ಎಳೆದ ಹಾಗೆ, ತಿಂಗಳುಗಟ್ಟಲೆ ಇತ್ತು. ಅವತ್ತು ಉಪ್ಪಿನ ಮಾತು ಆಡಲು ನನಗೆ ಬಾಯಿ ಬರಲಿಲ್ಲ. ಸೊನ್ನೆ ಅಂಕ. ಈಗ ಏನೇ ಹೊಸದಿದ್ದರೂ ಮೊಣಕೈ ಒಳಮಡಿಕೆಗೆ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾಯುತ್ತೇವೆ.

ಮನೆಯಲ್ಲೇ ಸನ್‌ಸ್ಕ್ರೀನ್ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಜಿಂಕ್ ಪುಡಿಯನ್ನು ಕ್ರೀಮಿಗೆ ಕಲಸಿದರೆ ಅಲ್ಲಲ್ಲಿ ಗಂಟು ಕಟ್ಟುತ್ತದೆ, ಉಳಿದ ಜಾಗ ಬಿಸಿಲಿಗೆ ಬಯಲು. ಇದಕ್ಕೆ ನಾನು ದುಡ್ಡು ಹಾಕುತ್ತೇನೆ, ಆದರೆ ದುಬಾರಿಯದಕ್ಕಲ್ಲ. ದುಬಾರಿ ಇದ್ದಾಗ ಅವರೆಕಾಳಿನಷ್ಟು ಹಚ್ಚಿ ಉಳಿಸುತ್ತಿದ್ದೆ. ಮುಖ, ಕತ್ತಿಗೆ ಎರಡು ಬೆರಳುದ್ದ ಬೇಕು. ಟ್ಯೂಬಿನ ಮೇಲೆ ಎಸ್‌ಪಿಎಫ್ 30 ಅಂತ ಇದ್ದರೆ ಬಿಸಿಲಿನಲ್ಲಿ ಚರ್ಮ ಸುಡುವ ಯುವಿಬಿ ಕಿರಣಗಳನ್ನು ಸುಮಾರು ಶೇಕಡಾ 97ರಷ್ಟು ತಡೆಯುತ್ತದೆ, ಅದೂ ಅಷ್ಟು ಹಚ್ಚಿದರೆ ಮಾತ್ರ. ಈಗ ಅಗ್ಗದ ದೊಡ್ಡ ಟ್ಯೂಬು ತಂದು ಕೈಬಿಚ್ಚಿ ಹಚ್ಚುತ್ತೇನೆ. ಮುಗಿದ ಮೇಲೆ ಕತ್ತರಿ ಇದ್ದೇ ಇದೆ.

ಐದು ಲೋಷನ್ನುಗಳಲ್ಲಿ ನಾಲ್ಕು ಮುಗಿದವು. ಐದನೆಯದರ ವಾಸನೆ ನನಗೆ ಆಗುವುದಿಲ್ಲ, ಮಿಠಾಯಿ ಡಬ್ಬಿಯೊಳಗೆ ಮುಖ ಇಟ್ಟ ಹಾಗಿದೆ. ತಂಗಿಗೆ ದಾಟಿಸಲು ನೋಡಿದೆ. ಮೂಸಿ ನೋಡಿ, "ನೀನೇ ಹಚ್ಕೋ ಅಕ್ಕಾ" ಅಂತ ವಾಪಸ್ ಕೊಟ್ಟಳು. ಹಾಗಾಗಿ ಪಾದಕ್ಕೆ ಹಚ್ಚುತ್ತಿದ್ದೇನೆ. ಮೈಯಲ್ಲಿ ಮೂಗಿನಿಂದ ಅಷ್ಟು ದೂರ ಇರುವ ಜಾಗ ಬೇರೆ ಇಲ್ಲ.