ಹೀರೋಸ್ 3 ಅಥವಾ ಹೀರೋಸ್ 5: ಯಾವುದನ್ನು ಆಡೋಣ?

ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್ ಎಂಬ, ಸರದಿಯಂತೆ ಆಡುವ ಕಂಪ್ಯೂಟರ್ ತಂತ್ರದಾಟಗಳ ಸರಣಿಗೆ ಹೊಸಬರು ಬಂದರೆ ಈ ಎರಡರ ನಡುವೆಯೇ ಗೊಂದಲ ಜಾಸ್ತಿ. ಮೂರನೆಯದು 1999ರದು, ಐದನೆಯದು 2006ರದು.

ಹಳೇ ಆಟಗಾರರು ಹೀರೋಸ್ 3 ಬಿಟ್ಟು ಕದಲುವುದಿಲ್ಲ. ಕಾರಣ ಅದರ ವೇಗ. ಕಂಪ್ಯೂಟರ್ ತನ್ನ ಸರದಿಯನ್ನು ಚಕಚಕ ಮುಗಿಸುತ್ತದೆ, ಮ್ಯಾಪ್ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಆದರೆ ಲಾಜಿಸ್ಟಿಕ್ಸ್, ಅರ್ಥ್ ಮ್ಯಾಜಿಕ್‌ನಂಥ ಹೀರೋಗಳ (ಸೈನ್ಯ ನಡೆಸುವ ನಾಯಕರ) ಕೆಲವೇ ಕೌಶಲಗಳು ಎಲ್ಲರಿಗೂ ಬೇಕು, ಉಳಿದವು ಸುಮ್ನೆ ಇವೆ ಅನ್ನುವ ದೂರು ನಿಜವೇ.

ಹೀರೋಸ್ 5 ಗೆಲ್ಲುವುದು ಇಲ್ಲೇ. ಪ್ರತಿ ಪಂಗಡದ ಹೀರೋಗೂ ತನ್ನದೇ ವಿಶೇಷ ಕೌಶಲವಿದೆ. ಯುದ್ಧದಲ್ಲಿ ಇನಿಶಿಯೇಟಿವ್ (ಚುರುಕುತನದ ಅಂಕ) ಹೆಚ್ಚಿರುವ ಪಡೆಗೆ ಸರದಿ ಬೇಗ ಬೇಗ ಬರುತ್ತದೆ, ಹಾಗಾಗಿ ಯಾರನ್ನು ಮೊದಲು ಹೊಡೆಯಬೇಕು ಎಂಬ ಲೆಕ್ಕ ನಿಜಕ್ಕೂ ರೋಚಕ. ನನಗೆ ಇದರ ಯುದ್ಧವೇ ಹೆಚ್ಚು ಇಷ್ಟ. ತೊಂದರೆ ಏನೆಂದರೆ, ದೊಡ್ಡ ಮ್ಯಾಪ್‌ಗಳಲ್ಲಿ ಕಂಪ್ಯೂಟರ್ ಸರದಿಗೆ ಕಾದು ಕಾದು ಬೇಜಾರಾಗುತ್ತದೆ. 3ಡಿ ಮ್ಯಾಪ್‌ನಲ್ಲಿ ಕ್ಯಾಮೆರಾ ತಿರುಗಿಸದೆ ಕೆಲವು ವಸ್ತುಗಳು ಕಾಣುವುದೂ ಇಲ್ಲ.

ಕಥೆ? ಎರಡರಲ್ಲೂ ಸಾಧಾರಣ.

ಸ್ನೇಹಿತರ ಜೊತೆ ಆಡುವುದಿದ್ದರೆ ಹೀರೋಸ್ 3 ತೆಗೆದುಕೊಳ್ಳಿ. ಆದರೆ ಒಂದು ಎಚ್ಚರ: 2015ರ ಎಚ್‌ಡಿ ಎಡಿಷನ್‌ನಲ್ಲಿ ಆಟದ ಎರಡೂ ವಿಸ್ತರಣೆಗಳಿಲ್ಲ (ಆಮೇಲೆ ಬಂದ ಹೆಚ್ಚುವರಿ ಭಾಗಗಳು), ಅವೂ ಸೇರಿರುವ ಕಂಪ್ಲೀಟ್ ಆವೃತ್ತಿಯೇ ಇರಲಿ. ಅಭಿಮಾನಿಗಳು ಕಟ್ಟಿದ ಹಾರ್ನ್ ಆಫ್ ದಿ ಅಬಿಸ್ ವಿಸ್ತರಣೆ ಕೂಡ ಅದರ ಮೇಲೆಯೇ ಚೆನ್ನಾಗಿ ನಡೆಯುತ್ತದೆ. ಒಬ್ಬರೇ ಕೂತು ನಿಧಾನವಾಗಿ ಯುದ್ಧ ಸವಿಯುವವರಿಗೆ ಹೀರೋಸ್ 5, ಅದರಲ್ಲೂ 2007ರ ಟ್ರೈಬ್ಸ್ ಆಫ್ ದಿ ಈಸ್ಟ್ ವಿಸ್ತರಣೆ. ಅದರಲ್ಲಿ ಪ್ರತಿ ಪಡೆಗೂ ಎರಡು ಬಗೆಯ ಅಪ್‌ಗ್ರೇಡ್ ಸಿಗುತ್ತದೆ.