ಕೆಲಸದ ಮೇಲೆ ಶಿವಮೊಗ್ಗಕ್ಕೆ ಬರುವವರಿಗೆ: ರೂಮು, ಊಟ, ಸಂಜೆ

ಜೋಗ, ಆಗುಂಬೆ, ಸಕ್ರೆಬೈಲು ನೋಡಲು ಬರುವವರಿಗೆ ದಾರಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಮಷಿನ್ ರಿಪೇರಿಗೆ, ಆಡಿಟ್‌ಗೆ, ಅಡಿಕೆ ಖರೀದಿಗೆ, ಔಷಧಿ ಕಂಪನಿ ಕೆಲಸಕ್ಕೆ ಅಂತ ಒಂದು ಬ್ಯಾಗ್ ಹಿಡಿದು ಬರುವವರಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ನಮ್ಮ ಆಫೀಸಿಗೆ ಹೊರಗಿನಿಂದ ಯಾರೇ ಬಂದರೂ ಅವರಿಗೆ ರೂಮು ಹಿಡಿಯುವುದು, ಊಟಕ್ಕೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೇ ಬರುತ್ತದೆ. ಹಾಗಾಗಿ ಗೊತ್ತಿರುವುದನ್ನು ಬರೆಯುತ್ತಿದ್ದೇನೆ.

ಮೊದಲನೇ ಮಾತು. ಹೋಟೆಲಿಗೆ ಎಷ್ಟು ಸ್ಟಾರ್ ಇದೆ ಅಂತ ಆಮೇಲೆ ನೋಡಿ, ನೀವು ಊರಿಗೆ ಬಂದು ಇಳಿಯುವ ಹೊತ್ತು ಯಾವುದು ಅಂತ ಮೊದಲು ನೋಡಿ. ಶಿವಮೊಗ್ಗದಲ್ಲಿ ಎಲ್ಲಾ ಅದರ ಮೇಲೇ ನಿಂತಿದೆ.

ಬೆಂಗಳೂರಿನಲ್ಲಿ ರಾತ್ರಿ 10-11ಕ್ಕೆ ಬಸ್ ಹತ್ತಿದರೆ ಇಲ್ಲಿಗೆ ತಲುಪುವಾಗ ಇನ್ನೂ ಬೆಳಕು ಹರಿದಿರುವುದಿಲ್ಲ. ಮೀಟಿಂಗ್ ಇರುವುದು 10ಕ್ಕೆ. ದೊಡ್ಡ ಹೋಟೆಲಿನಲ್ಲಿ ಚೆಕ್-ಇನ್ ಮಧ್ಯಾಹ್ನ 12ಕ್ಕೆ. ಅಷ್ಟು ಹೊತ್ತು ಲಾಬಿಯ ಸೋಫಾದಲ್ಲಿ ತೂಕಡಿಸಬೇಕು, ಇಲ್ಲಾಂದ್ರೆ ಹಿಂದಿನ ದಿನದ ಬಾಡಿಗೆಯನ್ನೂ ಕೊಡಬೇಕು. ಇಂಥವರಿಗೆ ಬಸ್ ನಿಲ್ದಾಣದ ಸುತ್ತ ಇರುವ, 24 ಗಂಟೆ ಲೆಕ್ಕದ ಲಾಡ್ಜ್‌ಗಳೇ ವಾಸಿ. ಬೆಳಗಿನ ಜಾವ 5ಕ್ಕೆ ರೂಮು ತೆಗೆದುಕೊಂಡರೆ ಮರುದಿನ 5ರವರೆಗೆ ನಿಮ್ಮದೇ. ಫೋನ್ ಮಾಡಿದಾಗ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು, '24 ಅವರ್ಸಾ, 12 ಟು 12ಆ?' ಬಾಡಿಗೆ ಎಷ್ಟು ಅಂತ ಕೇಳುವುದು ಆಮೇಲೆ.

ಸಂಜೆ ಬೆಂಗಳೂರು ಬಿಡುವ ಜನಶತಾಬ್ದಿಯಲ್ಲಿ ಬರುವವರ ಕಥೆ ಬೇರೆ. ಇಳಿಯುವಾಗ ರಾತ್ರಿ 10ರ ಹತ್ತಿರ ಆಗಿರುತ್ತದೆ. ರೂಮು ಸಿಗುತ್ತದೆ, ಊಟ ಸಿಗುವುದಿಲ್ಲ. ನಮ್ಮೂರಿನ ಒಳ್ಳೆಯ ಸಸ್ಯಾಹಾರಿ ಹೋಟೆಲುಗಳು ಅಷ್ಟು ಹೊತ್ತಿಗೆ ಕುರ್ಚಿಗಳನ್ನು ಟೇಬಲ್ ಮೇಲೆ ಮಗುಚಿ ಹಾಕಿ ನೆಲ ತೊಳೆಯುತ್ತಿರುತ್ತವೆ. ಈ ರೈಲಿಗೆ ಬರುವವರು ಒಳಗೇ ರೆಸ್ಟೋರೆಂಟ್ ಇರುವ ಹೋಟೆಲನ್ನೇ ಹಿಡಿಯಬೇಕು, ಮತ್ತು ರೈಲು ಭದ್ರಾವತಿ ದಾಟುವಾಗಲೇ ಫೋನ್ ಮಾಡಿ ಊಟ ಹೇಳಿಬಿಡಬೇಕು. ಬಿ.ಎಚ್. ರಸ್ತೆಯ ರಾಯಲ್ ಆರ್ಕಿಡ್ ಸೆಂಟ್ರಲ್ ಕಂಪನಿ ಖರ್ಚಿನಲ್ಲಿ ಬರುವವರಿಗೆ ಸರಿಯಾದ ಜಾಗ. ದುರ್ಗಿಗುಡಿಯ ಜ್ಯುವೆಲ್ ರಾಕ್ ಹಳೆಯ ಹೆಸರು, ಊರ ನಡುವೆಯೇ ಇದೆ. ಬ್ಯಾಂಕು, ಡಾಕ್ಟರು, ಅಂಗಡಿ ಸುತ್ತುವ ಕೆಲಸದವರಿಗೆ ಅಲ್ಲಿಂದ ಓಡಾಟ ಸುಲಭ.

ವಿಮಾನದವರಿಗೆ ಒಂದೇ ಮಾತು. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿ ಅದೇ ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನ ಶುರುವಾಯಿತು. ನಿಲ್ದಾಣ ಊರ ಹೊರಗಿದೆ, ಹಾಗಾಗಿ ಗಾಡಿ ಕಳಿಸಿ ಅಂತ ಹೋಟೆಲಿಗೆ ಮೊದಲೇ ಹೇಳಿಡಿ. ಮಳೆಗಾಲದಲ್ಲಿ ಮೋಡ ಕವಿದರೆ ವಿಮಾನ ತಡವಾಗುವುದುಂಟು. ಇಳಿದ ತಕ್ಷಣಕ್ಕೆ ಮೀಟಿಂಗ್ ಇಟ್ಟುಕೊಳ್ಳಬೇಡಿ.

ಇನ್ನು ಕೆಲಸ ಎಲ್ಲಿದೆ ಅನ್ನುವುದನ್ನೂ ನೋಡಬೇಕು ಅಲ್ವಾ? ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಇರುವುದು ಭದ್ರಾವತಿ ದಿಕ್ಕಿಗೆ. ಅಡಿಕೆ ವ್ಯಾಪಾರದ ಎಪಿಎಂಸಿ ಇರುವುದು ಸಾಗರ ರಸ್ತೆಯಲ್ಲಿ, ಪೂರಾ ಇನ್ನೊಂದು ತುದಿ. ಶಾಲೆ ಬಿಡುವ ಹೊತ್ತಿಗೆ ಊರು ದಾಟುವುದು ಅಂದರೆ ಗೋಪಿ ವೃತ್ತದಲ್ಲೇ ನಿಮ್ಮ ಅರ್ಧ ತಾಳ್ಮೆ ಮುಗಿಯುತ್ತದೆ. ಕಾರ್ಖಾನೆ ಕೆಲಸಕ್ಕೆ ಬಂದವರು ಸಾಗರ ರಸ್ತೆಯಲ್ಲಿ ರೂಮು ಹಿಡಿದರೆ ದಿನಾ ಸುಮ್ನೆ ಓಡಾಟ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರು ದಯವಿಟ್ಟು ರೂಮು ನೋಡದೆ ಹಣ ಕೊಡಬೇಡಿ. ಮಲೆನಾಡಿನ ಮಳೆಗೆ ಗೋಡೆ ತಿಂಗಳುಗಟ್ಟಲೆ ಒಣಗುವುದಿಲ್ಲ. ಬಾಗಿಲು ತೆಗೆದ ತಕ್ಷಣ ರೂಮ್ ಫ್ರೆಶ್ನರ್ ವಾಸನೆ ಜಾಸ್ತಿ ಬಂತು ಅಂದರೆ ಅನುಮಾನ ಪಡಿ. ಬೀರುವಿನ ಬಾಗಿಲು ತೆಗೆದು ಮೂಸಿ ನೋಡಿ. ಮಂಚದ ತಲೆಕಡೆ ಗೋಡೆಗೆ ಅಂಗೈ ಇಡಿ, ತಣ್ಣಗೆ ಅಂಟಿದಂತಾದರೆ ಬೇರೆ ರೂಮು ಕೇಳಿ. ಒಂದು ಲಾಡ್ಜ್‌ನಲ್ಲಿ ನಮ್ಮ ಅತಿಥಿಯೊಬ್ಬರಿಗೆ ಕೊಟ್ಟ ರೂಮಿನಲ್ಲಿ ಹೊದಿಕೆ ಎಷ್ಟು ಹಸಿಯಾಗಿತ್ತು ಅಂದರೆ, ಪಾಪ, ಅವರು ತಮ್ಮ ಪಂಚೆಯನ್ನೇ ಹಾಸಿಕೊಂಡು ಮಲಗಿದ್ದರು. ರಾತ್ರಿ ಕರೆಂಟ್ ಹೋದಾಗ ಜನರೇಟರಿನಲ್ಲಿ ಲೈಟು ಮಾತ್ರ, ಗೀಸರ್ ಇಲ್ಲ. ಇದನ್ನೂ ಮೊದಲೇ ಕೇಳಿಕೊಳ್ಳಿ. ಇಸ್ತ್ರಿ ಪೆಟ್ಟಿಗೆ ಕೊಡುತ್ತಾರಾ ಅಂತಲೂ ಕೇಳಿ, ಈ ತಿಂಗಳುಗಳಲ್ಲಿ ಒಗೆದ ಅಂಗಿ ಒಂದು ರಾತ್ರಿಗೆ ಒಣಗುವ ಮಾತೇ ಇಲ್ಲ.

ಊಟದ ವಿಷಯಕ್ಕೆ ಬಂದರೆ ನನಗೆ ಹೇಳಿ ಮುಗಿಯುವುದಿಲ್ಲ. ಬೆಳಿಗ್ಗೆ ಬಿ.ಎಚ್. ರಸ್ತೆಯ ಮೀನಾಕ್ಷಿ ಭವನಕ್ಕೆ ಹೋಗಿ. ಹಳೆಯ ಹೋಟೆಲು, ದೋಸೆ, ಕಾಫಿಗೆ ಜನ ಹುಡುಕಿಕೊಂಡು ಬರುತ್ತಾರೆ. ಹೋಟೆಲಿನ ಉಚಿತ ಬ್ರೇಕ್‌ಫಾಸ್ಟ್ ಬಫೆಯ ಆರಿದ ಇಡ್ಲಿ ತಿಂದು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರು.

ಮಧ್ಯಾಹ್ನಕ್ಕೆ, ಮಾಂಸ ತಿನ್ನುವವರಾದರೆ, ಮಿಲಿಟರಿ ಹೋಟೆಲಿಗೆ ಹೋಗಿ ಕಡುಬು, ಕೋಳಿ ಸಾರು ಇದೆಯಾ ಅಂತ ಕೇಳಿ. ಮಲೆನಾಡಿನ ಕಡುಬು ಅಂದರೆ ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿಟ್ಟಿದ್ದು. ಅದನ್ನು ಇಡಿಯಾಗಿ ಸಾರಿನಲ್ಲಿ ಅದ್ದಬಾರದು. ಬಿಸಿ ಇರುವಾಗಲೇ ಬೆರಳಿನಿಂದ ಮುರಿಯಬೇಕು, ಮುರಿದ ಕಡೆ ತರಿತರಿ ಕಾಣುತ್ತದಲ್ಲ, ಅಲ್ಲಿ ಸಾರು ಇಳಿಯಬೇಕು. ಕಾಯಿ, ಮೆಣಸು ಅರೆದು ಮಾಡಿದ ಸಾರು ತಟ್ಟೆಯ ಅಂಚಿಗೆ ಎಣ್ಣೆ ಬಿಟ್ಟುಕೊಂಡು ನಿಲ್ಲುತ್ತದೆ. ಮಧ್ಯಾಹ್ನ ಒಂದರೊಳಗೆ ಹೋಗಿ. ಎರಡರ ಮೇಲೆ ಹೋದರೆ ಕಡುಬು ಖಾಲಿ, ಮುದ್ದೆ ಅಥವಾ ಅನ್ನಕ್ಕೆ ಸಮಾಧಾನ ಮಾಡಿಕೊಳ್ಳಬೇಕು. ಸಸ್ಯಾಹಾರಿಗಳು ಅಕ್ಕಿರೊಟ್ಟಿ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿ. ಮಳೆಗಾಲವಾದರೆ ಕಳಲೆ ಪಲ್ಯ, ಪತ್ರೊಡೆ, ಅಪ್ಪೆಹುಳಿ ಇದ್ದರೆ ಬಿಡಬೇಡಿ. ಇವು ಮೆನು ಕಾರ್ಡಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಬಾಯಿಬಿಟ್ಟು ಕೇಳಿದರೆ ಮಾತ್ರ 'ಇದೆ ಸಾರ್' ಅನ್ನುತ್ತಾರೆ. ಪನೀರ್ ಬಟರ್ ಮಸಾಲ ನಿಮ್ಮೂರಲ್ಲೂ ಸಿಗುತ್ತೆ.

ಕುಡಿಯುವವರಿಗೆ ನನ್ನ ಸಲಹೆ ಚಿಕ್ಕದು. ಉಳಿದುಕೊಂಡ ಹೋಟೆಲಿನಲ್ಲೇ ಬಾರ್ ಇದ್ದರೆ ಅಲ್ಲೇ ಕೂರಿ. ಹೊರಗಿನ ಬಾರ್ ಅಂಡ್ ರೆಸ್ಟೋರೆಂಟ್‌ಗಳಲ್ಲಿ ಊಟ, ಅದರಲ್ಲೂ ಮೀನು, ಚೆನ್ನಾಗಿಯೇ ಇರುತ್ತದೆ, ಆದರೆ ವ್ಯವಹಾರದ ಮಾತಾಡಲು ಆಗದಷ್ಟು ಗಲಾಟೆ. ಗಿರಾಕಿಯನ್ನು ಕರೆದುಕೊಂಡು ಹೋಗುವುದಾದರೆ ಫ್ಯಾಮಿಲಿ ಸೆಕ್ಷನ್ ಕೇಳಿ, ಸಂಜೆ 7ರೊಳಗೆ ಕೂತುಬಿಡಿ. ಬಾರ್‌ನ ಮೇಲಿನ ಮಹಡಿಯಲ್ಲೇ ರೂಮು ಕೊಟ್ಟರೆ ಬೇಡ ಅನ್ನಿ. ಕುಡಿಯದವರು ಸಂಜೆ ಗಾಂಧಿ ಪಾರ್ಕ್ ಕಡೆ ನಡೆದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನಿ. ಒಂದು ಬೆಳಿಗ್ಗೆ ಬಿಡುವಿದ್ದರೆ ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲು ಆನೆ ಬಿಡಾರ ಸುಮಾರು 14 ಕಿ.ಮೀ. ಅಷ್ಟೇ. ಆನೆಗಳಿಗೆ ತುಂಗೆಯಲ್ಲಿ ಸ್ನಾನ ಮಾಡಿಸುವುದು ನೋಡಿಕೊಂಡು ಮಧ್ಯಾಹ್ನದ ಕೆಲಸಕ್ಕೆ ವಾಪಸ್ ಬರಬಹುದು.

ಬಿಲ್ ಬಗ್ಗೆ: ಕಂಪನಿಯ ಹೆಸರು, ಜಿಎಸ್‌ಟಿ ನಂಬರ್ ಚೆಕ್-ಇನ್ ಆಗುವಾಗಲೇ ಬರೆಸಿ. ಹೊರಡುವ ಗಡಿಬಿಡಿಯಲ್ಲಿ ಕೇಳಿದರೆ ಕೈಬರಹದ ಚೀಟಿ ಕೊಟ್ಟು ಕಳಿಸುವ ಲಾಡ್ಜ್‌ಗಳಿವೆ, ಅದನ್ನು ನಿಮ್ಮ ಅಕೌಂಟ್ಸ್‌ನವರು ಒಪ್ಪುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಇಲ್ಲಿನ ಹೆಚ್ಚಿನ ರೂಮುಗಳು ಈ ಮಿತಿಯೊಳಗೇ ಬರುತ್ತವೆ, ಬಿಲ್ಲಿನಲ್ಲಿ ಒಮ್ಮೆ ನೋಡಿಕೊಳ್ಳಿ.

ದಿನ ನಿಗದಿ ಮಾಡುವ ಮೊದಲು ಊರಿನವರನ್ನು ಒಂದು ಮಾತು ಕೇಳಿ. ಎರಡು ವರ್ಷಕ್ಕೊಮ್ಮೆ ಬೇಸಿಗೆಯ ಶುರುವಿಗೆ ಕೋಟೆ ಮಾರಿಕಾಂಬಾ ಜಾತ್ರೆ ನಡೆಯುತ್ತದೆ, ಆಗ ರೂಮು ಸಿಗುವುದು ಕಷ್ಟ. ಹಿಂದೂ ಮಹಾಸಭಾ ಗಣಪತಿ ಮೆರವಣಿಗೆಯ ದಿನ ಗಾಂಧಿ ಬಜಾರ್, ನೆಹರು ರಸ್ತೆ ಸುತ್ತ ಗಾಡಿ ಹೋಗುವುದಿಲ್ಲ, ಬಾರ್‌ಗಳೂ ಮುಚ್ಚಿರುತ್ತವೆ. ಆ ದಿನ ಮಾಚೇನಹಳ್ಳಿಯಲ್ಲಿ ಕೆಲಸ ಇದ್ದರೆ ಭದ್ರಾವತಿಯಲ್ಲಿ ಉಳಿದುಕೊಳ್ಳಿ.