ಮನೆಯ ಕಷ್ಟದಲ್ಲಿ ಬಸವಳಿದವರಿಗೆ ಹತ್ತು ದಿನದ ವಿಪಶ್ಯನ ಶಿಬಿರ: ಯಾರು ಹೋಗಬೇಕು, ಯಾವಾಗ ಹೋಗಬೇಕು

ವಿಚ್ಛೇದನದ ಕೇಸು ಮುಗಿದ ಮೇಲೋ, ಆಸ್ತಿ ಪಾಲಾಗಿ ಅಣ್ಣತಮ್ಮಂದಿರ ಮಾತು ಬಿಟ್ಟುಹೋದ ಮೇಲೋ, ಹಾಸಿಗೆ ಹಿಡಿದಿದ್ದ ಅಮ್ಮನ ಆರೈಕೆಯಲ್ಲಿ ವರ್ಷಗಳು ಕಳೆದ ಮೇಲೋ, ‘ಹತ್ತು ದಿನ ವಿಪಶ್ಯನಕ್ಕೆ ಹೋಗಿ ಬಾ, ಸರಿಹೋಗ್ತೀಯ’ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಸಲಹೆ ಒಳ್ಳೆಯದೇ. ಆದರೆ ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ತಿಳಿಯದೆ ಹೋದವರು ಮೂರನೇ ದಿನಕ್ಕೇ ಬ್ಯಾಗು ಕಟ್ಟುವುದುಂಟು. ಅಂಥವರಿಗಾಗಿ ಈ ವಿಮರ್ಶೆ.

ಇದು ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ, ಮೌನದಲ್ಲಿ ನಡೆಯುವ ಧ್ಯಾನ ಶಿಬಿರ. ಬರ್ಮಾದಲ್ಲಿ ಹುಟ್ಟಿ ಬೆಳೆದ ವ್ಯಾಪಾರಿ ಗೋಯೆಂಕಾ, ಬಿಡದೆ ಕಾಡುತ್ತಿದ್ದ ಮೈಗ್ರೇನ್ ತಲೆನೋವಿನ ದೆಸೆಯಿಂದ 1955ರಲ್ಲಿ ಅಲ್ಲಿನ ಧ್ಯಾನಗುರು ಸಯಾಜಿ ಊ ಬಾ ಖಿನ್ ಅವರ ಬಳಿ ಈ ವಿದ್ಯೆ ಕಲಿತರು, 1969ರಲ್ಲಿ ಭಾರತಕ್ಕೆ ತಂದರು. ಮುಖ್ಯ ಕೇಂದ್ರ ಮಹಾರಾಷ್ಟ್ರದ ಇಗತ್‌ಪುರಿಯಲ್ಲಿದೆ. ಬೆಂಗಳೂರಿನವರಿಗೆ ಹತ್ತಿರದ್ದು ತುಮಕೂರು ರಸ್ತೆ ಕಡೆಯ ಆಲೂರಿನ ಧಮ್ಮ ಪಫುಲ್ಲ. ಗೋಯೆಂಕಾ 2013ರಲ್ಲಿ ತೀರಿಕೊಂಡರೂ ಪಾಠ, ಪ್ರವಚನ ಎಲ್ಲ ಇಂದಿಗೂ ಅವರ ಧ್ವನಿಮುದ್ರಣದಲ್ಲೇ ನಡೆಯುತ್ತವೆ. ಅನುವಾದ ಕನ್ನಡದಲ್ಲೂ ಇದೆ. ಯಾವ ಭಾಷೆ ಸಲೀಸು ಎಂದು ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ.

ಶುಲ್ಕವಿಲ್ಲ. ಊಟಕ್ಕೂ ಇಲ್ಲ, ವಸತಿಗೂ ಇಲ್ಲ. ಒಂದು ಶಿಬಿರವನ್ನಾದರೂ ಪೂರ್ತಿ ಮುಗಿಸಿದವರಿಂದ ಮಾತ್ರ ದಾನ ಪಡೆಯುತ್ತಾರೆ, ಅದೂ ಇಷ್ಟವಿದ್ದರೆ, ಕೈಲಾದಷ್ಟು. ವಕೀಲರಿಗೂ ಆಸ್ಪತ್ರೆಗೂ ಸುರಿದು ಕೈ ಬರಿದಾದವರಿಗೆ ಇದು ಸಣ್ಣ ಮಾತಲ್ಲ.

ದಿನಚರಿ ಮಾತ್ರ ಬಿಗಿ. ಬೆಳಿಗ್ಗೆ 4ಕ್ಕೆ ಗಂಟೆ ಬಾರಿಸುತ್ತದೆ, 4.30ಕ್ಕೆ ಕೂರಬೇಕು. 6.30ಕ್ಕೆ ತಿಂಡಿ, 11ಕ್ಕೆ ಊಟ. ಸಂಜೆ 5ಕ್ಕೆ ಹೊಸಬರಿಗೆ ಹಣ್ಣು ಮತ್ತು ಚಹಾ, ಹಿಂದೆ ಶಿಬಿರ ಮುಗಿಸಿದ ಹಳಬರಿಗೆ ನಿಂಬೆ ನೀರಷ್ಟೇ. ರಾತ್ರಿ ಊಟವಿಲ್ಲ. 7ಕ್ಕೆ ಪ್ರವಚನ, 9.30ಕ್ಕೆ ದೀಪ ಆರಿಸುತ್ತಾರೆ. ಒಟ್ಟು ದಿನಕ್ಕೆ ಸುಮಾರು ಹತ್ತು ಗಂಟೆ ಧ್ಯಾನ. ಫೋನು, ಪುಸ್ತಕ, ಪೆನ್ನು ಯಾವುದೂ ಇಲ್ಲ. ಹತ್ತನೇ ದಿನದ ಬೆಳಗಿನವರೆಗೆ ಪಕ್ಕದವರ ಜೊತೆ ಮಾತಿಲ್ಲ, ಸನ್ನೆಯಿಲ್ಲ, ಕಣ್ಣಿಗೆ ಕಣ್ಣು ಸೇರಿಸುವುದೂ ಇಲ್ಲ. ಗಂಡಸರಿಗೂ ಹೆಂಗಸರಿಗೂ ಜಾಗ ಬೇರೆಬೇರೆ.

ಮೊದಲ ಮೂರು ದಿನ ಆನಾಪಾನ. ಮೂಗಿನ ಹೊಳ್ಳೆಯಿಂದ ಮೇಲ್ದುಟಿಯ ಮೇಲಂಚಿನವರೆಗಿನ ಪುಟ್ಟ ಜಾಗದಲ್ಲಿ ಉಸಿರು ತಾಕುವುದನ್ನು ಗಮನಿಸುವುದು, ಅಷ್ಟೇ. ಉಸಿರನ್ನು ಎಳೆಯಬಾರದು, ಹಿಡಿಯಬಾರದು, ಮಂತ್ರ ಸೇರಿಸಬಾರದು. ನಾಲ್ಕನೇ ದಿನ ಮಧ್ಯಾಹ್ನ ವಿಪಶ್ಯನ ಶುರುವಾಗುತ್ತದೆ. ನೆತ್ತಿಯಿಂದ ಕಾಲ್ಬೆರಳಿನವರೆಗೆ ಒಂದೊಂದೇ ಭಾಗಕ್ಕೆ ಗಮನ ಹರಿಸಿ, ಅಲ್ಲಿರುವ ಬಿಸಿ, ತುರಿಕೆ, ಬಿಗಿತ, ಜುಮುಜುಮು ಏನಿದೆಯೋ ಅದನ್ನು ಬೇಕೆನ್ನದೆ, ಬೇಡವೆನ್ನದೆ ನೋಡುವುದು. ಆಮೇಲೆ ದಿನಕ್ಕೆ ಮೂರು ಬಾರಿ, ಒಂದೊಂದು ಗಂಟೆ, ಕೈಕಾಲು ಅಲ್ಲಾಡಿಸದೆ ಕೂರುವ ಅಧಿಷ್ಠಾನ.

ಮನೆಯ ಸಂಕಟದಿಂದ ಹೊರಬಂದವರಿಗೆ ಈ ಶಿಬಿರದ ಬೆಲೆ ಇರುವುದು ಇಲ್ಲೇ. ವರ್ಷಗಟ್ಟಲೆ ಜಗಳದ ಮನೆಯಲ್ಲಿದ್ದವರಿಗೆ ಸಿಟ್ಟೋ ಭಯವೋ ಬಂದದ್ದು ಗೊತ್ತಾಗುವುದು ಬಾಯಿಂದ ಮಾತು ಹೊರಬಿದ್ದ ಮೇಲೆ. ಅದಕ್ಕೂ ಮೊದಲು ದವಡೆ ಬಿಗಿದಿರುತ್ತದೆ, ಹೊಟ್ಟೆ ಹಿಂಡಿರುತ್ತದೆ, ಎದೆಯಲ್ಲಿ ಶಾಖ ಏರಿರುತ್ತದೆ. ಆ ಮೊದಲ ಸುಳಿವನ್ನು ಹಿಡಿಯುವ ಅಭ್ಯಾಸ ಇಲ್ಲಿ ಆಗುತ್ತದೆ. ‘ನನಗೆ ಏನು ಬೇಕು’ ಎಂಬ ಪ್ರಶ್ನೆಯನ್ನೇ ಮರೆತವರಿಗೆ, ಮೊದಲು ‘ನನಗೀಗ ಏನಾಗುತ್ತಿದೆ’ ಎಂಬುದು ತಿಳಿಯಬೇಕು. ಅಲ್ಲಿಯವರೆಗೆ ಶಿಬಿರ ಕರೆದೊಯ್ಯುತ್ತದೆ. ಮುಂದಿನದನ್ನು ನೀವೇ ನೋಡಿಕೊಳ್ಳಬೇಕು.

ಸಿಗದಿರುವುದೇನೆಂದರೆ, ನಿಮ್ಮ ಕಥೆ ಕೇಳುವ ಕಿವಿ. ಮಧ್ಯಾಹ್ನ 12ರಿಂದ 1ರವರೆಗೆ ಶಿಬಿರ ನಡೆಸುವ ಆಚಾರ್ಯರನ್ನು ಕಾಣಬಹುದು, ಆದರೆ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಅಲ್ಲಿನ ಮಾತು ಧ್ಯಾನದ ವಿಧಾನದ ಬಗ್ಗೆ ಮಾತ್ರ. ಅತ್ತೆ ಏನಂದರು, ಅಣ್ಣ ಯಾವ ಪತ್ರಕ್ಕೆ ಸಹಿ ಹಾಕಿಸಿಕೊಂಡ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಹೇಳಿಕೊಂಡು ಅಳಬೇಕು ಅನಿಸುತ್ತಿದ್ದರೆ ಮೊದಲು ಆಪ್ತಸಮಾಲೋಚಕರ ಬಳಿ ಹೋಗಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ತೀವ್ರ ಖಿನ್ನತೆ, ಬೈಪೋಲಾರ್, ಸೈಕೋಸಿಸ್ ಇರುವವರಿಗೆ, ಸಾಯಬೇಕು ಅನ್ನುವ ಯೋಚನೆ ಬರುತ್ತಿರುವವರಿಗೆ ಈ ಶಿಬಿರ ಬೇಡವೇ ಬೇಡ. ದಿನಕ್ಕೆ ಹತ್ತು ಗಂಟೆ ಮೌನದಲ್ಲಿ ಒಳಗಿನದನ್ನು ನೋಡುತ್ತಾ ಕೂತರೆ, ನಿದ್ದೆಯೂ ಕಮ್ಮಿಯಾದರೆ, ಕಾಯಿಲೆ ಕೆರಳಬಹುದು. ಇದು ಚಿಕಿತ್ಸೆಗೆ ಬದಲಿಯಲ್ಲ ಎಂದು ಶಿಬಿರದವರೂ ನಿಯಮಾವಳಿಯಲ್ಲೇ ಹೇಳುತ್ತಾರೆ. ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ, ಮಾತ್ರೆಗಳ ಬಗ್ಗೆ ಕೇಳುತ್ತಾರೆ. ಸೀಟು ತಪ್ಪುತ್ತದೆಂದು ಮುಚ್ಚಿಡಬೇಡಿ. ಅರ್ಜಿಗೋಸ್ಕರ ಮಾತ್ರೆ ನಿಲ್ಲಿಸುವುದಂತೂ ಅಪಾಯ.

ಇನ್ನು ಯಾವಾಗ ಹೋಗಬೇಕು? ಕಷ್ಟದ ನಟ್ಟನಡುವೆ ಬೇಡ. ಸಾವಾಗಿ ಕೆಲವೇ ವಾರ ಆಗಿದ್ದರೆ, ಮನೆಯಿಂದ ಹೊರಬಂದು ಬಾಡಿಗೆ ಮನೆ ಹುಡುಕುತ್ತಿದ್ದರೆ ತಡೆಯಿರಿ. ಗಾಯಕ್ಕೆ ಹಕ್ಕಳೆ ಕಟ್ಟಿದ ಮೇಲೆ ಹೋಗಿ: ಅಂದರೆ, ರಾತ್ರಿ ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ, ದಿನದ ಕೆಲಸ ಸಾಗುತ್ತಿದೆ ಅನ್ನುವ ಹಂತದಲ್ಲಿ. ಕೌಟುಂಬಿಕ ನ್ಯಾಯಾಲಯದ ದಿನಾಂಕ, ಮಗುವನ್ನು ಭೇಟಿಯಾಗುವ ಸರದಿ, ನೋಟಿಸಿಗೆ ಉತ್ತರ ಕೊಡುವ ಗಡುವು ಆ ಅವಧಿಯಲ್ಲಿ ಬೀಳದಂತೆ ನೋಡಿಕೊಳ್ಳಿ. ಹತ್ತು ದಿನ ಎಂದರೂ ಹಿಂದಿನ ದಿನವೇ ಹಾಜರಾಗಬೇಕು, ಬಿಡುವುದು ಹನ್ನೊಂದನೇ ದಿನ ಬೆಳಿಗ್ಗೆ. ಹನ್ನೆರಡು ದಿನ ರಜೆ ಹಾಕಿ, ಸಾಧ್ಯವಾದರೆ ಇನ್ನೂ ಒಂದು ದಿನ ಸೇರಿಸಿ. ತುರ್ತಿಗೆಂದು ಕೇಂದ್ರದ ಕಚೇರಿಯ ನಂಬರನ್ನು ಮನೆಯಲ್ಲಿ ನಂಬಿಕಸ್ಥರೊಬ್ಬರ ಬಳಿ ಕೊಟ್ಟಿರಿ.

ಒಯ್ಯಬೇಕಾದ್ದು ಸಡಿಲ ಬಟ್ಟೆ, ಶಾಲು, ಛತ್ರಿ, ಟಾರ್ಚು, ಪುಟ್ಟ ಅಲಾರಂ ಗಡಿಯಾರ, ವೈದ್ಯರು ಬರೆದುಕೊಟ್ಟ ಮಾತ್ರೆ, ಗುರುತಿನ ಚೀಟಿ. ಸೆಂಟು, ತಾಯಿತ, ಜಪಮಾಲೆ ಮನೆಯಲ್ಲೇ ಇರಲಿ.

ಮಂಡಿನೋವು ಹೆಚ್ಚಿನವರನ್ನು ಕಾಡುತ್ತದೆ. ಕಾರಣ ಸಾಮಾನ್ಯವಾಗಿ ಒಂದೇ, ಆಸನದ ಎತ್ತರ ಸಾಲದಿರುವುದು. ಸೊಂಟಕ್ಕಿಂತ ಮಂಡಿ ಮೇಲಿದ್ದರೆ ಬೆನ್ನು ಹಿಂದಕ್ಕೆ ಬಾಗುತ್ತದೆ, ಅದನ್ನು ನೆಟ್ಟಗಿಡಲು ತೊಡೆ ಬಿಗಿಯಬೇಕಾಗುತ್ತದೆ. ಕೂರುವ ಜಾಗದಲ್ಲಿ ಇನ್ನೊಂದು ದಿಂಬು ಸೇರಿಸಿ ಸೊಂಟವನ್ನು ಮೇಲೆತ್ತಿ, ಮಂಡಿ ನೆಲಕ್ಕೆ ತಾಗದಿದ್ದರೆ ಅದರಡಿಗೆ ಮಡಚಿದ ಬಟ್ಟೆ ಕೊಡಿ. ಮಂಡಿ ಸವೆದವರು, ಬೆನ್ನು ಆಪರೇಷನ್ ಆದವರು ಮೊದಲ ದಿನವೇ ಕುರ್ಚಿ ಕೇಳಬೇಕು. ಕುರ್ಚಿಯಲ್ಲಿ ಕೂತರೆ ಧ್ಯಾನವೇನೂ ಕಮ್ಮಿಯಾಗುವುದಿಲ್ಲ. ರಾತ್ರಿ ಊಟವಿಲ್ಲವೆಂದು 11ರ ಊಟ ಬಿಗಿದರೆ ಮಧ್ಯಾಹ್ನವೆಲ್ಲ ತೂಕಡಿಕೆ. ಮುಕ್ಕಾಲು ಹೊಟ್ಟೆ ಸಾಕು. ನೀರು ಕಮ್ಮಿ ಕುಡಿದು ಮಲಬದ್ಧತೆ ಮಾಡಿಕೊಳ್ಳುವವರೂ ಬಹಳ.

ಎರಡನೇ ದಿನ ಮತ್ತು ಆರನೇ ದಿನ ಓಡಿಹೋಗಬೇಕು ಅನಿಸುವುದು ಸಾಮಾನ್ಯ. ಹಳೇ ಜಗಳ ಮಾತುಮಾತಾಗಿ ತಲೆಯಲ್ಲಿ ನಡೆಯುತ್ತದೆ, ಗಂಡನಿಗೋ ತಂಗಿಗೋ ಉದ್ದುದ್ದ ಪತ್ರ ಮನಸ್ಸಿನಲ್ಲೇ ತಯಾರಾಗುತ್ತದೆ. ಆಗ ಕಥೆಯನ್ನು ಬಿಟ್ಟು, ಅದು ಮೈಯಲ್ಲಿ ಎಲ್ಲಿ ಕೂತಿದೆ ಎಂದು ನೋಡಿ. ಅಳು ಬಂದರೆ ಅತ್ತುಬಿಡಿ. ಉಸಿರು ಕಟ್ಟುವ ಗಾಬರಿ, ಸತತವಾಗಿ ನಿದ್ದೆ ಇಲ್ಲದಿರುವುದು, ಇಲ್ಲದ ಧ್ವನಿ ಕೇಳಿಸುವುದು ಆದರೆ ಮಾತ್ರ ಸಹಿಸಿಕೊಂಡು ಕೂರಬೇಡಿ. ಕೂಡಲೇ ಆಚಾರ್ಯರಿಗೆ ತಿಳಿಸಿ, ಅಗತ್ಯವಿದ್ದರೆ ಹೊರಟು ಬಂದು ವೈದ್ಯರನ್ನು ಕಾಣಿ. ಬೇರೆಲ್ಲಕ್ಕೂ ನಮ್ಮ ಸಲಹೆ ಇದ್ದು ಮುಗಿಸಿ ಎಂಬುದೇ.

ಪ್ರವಚನದಲ್ಲಿ ಸಂಖಾರ (ಮನಸ್ಸಿನಲ್ಲಿ ಬೇರೂರಿದ ಹಳೆಯ ಸಂಸ್ಕಾರ), ಪುನರ್ಜನ್ಮದ ಮಾತು ಬರುತ್ತದೆ. ಒಪ್ಪದವರು ಅದನ್ನು ಪಕ್ಕಕ್ಕಿಟ್ಟು ವಿಧಾನವನ್ನಷ್ಟೇ ಕಲಿಯಬಹುದು. ನಮಗೆ ಹೆಚ್ಚು ಕೊರತೆ ಅನಿಸುವುದು ಶಿಬಿರ ಮುಗಿದ ಮೇಲೆ ಒಬ್ಬೊಬ್ಬರನ್ನೂ ವಿಚಾರಿಸುವ ವ್ಯವಸ್ಥೆ ಇಲ್ಲದಿರುವುದು. ಹತ್ತನೇ ದಿನ ಎಲ್ಲರಿಗೂ ಒಳಿತು ಬಯಸುವ ಮೈತ್ರಿ ಧ್ಯಾನವಾಗಿ ಮಾತು ಶುರುವಾದಾಗ ಮನಸ್ಸು ಹಗುರವಾಗಿರುತ್ತದೆ. ಆ ಉತ್ಸಾಹದಲ್ಲೇ ‘ಎಲ್ಲ ಕ್ಷಮಿಸಿದ್ದೇನೆ’ ಎಂದು ಫೋನು ಮಾಡಿ, ಬೈಸಿಕೊಂಡು, ಮತ್ತೆ ಕುಸಿಯುವವರಿದ್ದಾರೆ. ಮರಳಿ ಸೇರುವುದು, ಪಾಲು ಬಿಟ್ಟುಕೊಡುವುದು, ಕೆಲಸ ಬಿಡುವುದು ಇಂಥ ತೀರ್ಮಾನಗಳನ್ನು ಕನಿಷ್ಠ ಒಂದು ತಿಂಗಳು ಮುಂದಕ್ಕೆ ಹಾಕಿ. ಹೊಡೆಯುವ ಮನೆಯನ್ನು ಸಮಚಿತ್ತದಿಂದ ಸಹಿಸಿಕೊಳ್ಳಿ ಎಂದು ಈ ವಿದ್ಯೆಗೆ ಯಾರಾದರೂ ಅರ್ಥ ಹಚ್ಚಿದರೆ ಖಂಡಿತ ಒಪ್ಪಬೇಡಿ.

ಮನೆಯಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಲು ಹೇಳುತ್ತಾರೆ. ಮಕ್ಕಳ ಸ್ಕೂಲು, ಕಚೇರಿಯ ಬಸ್ಸಿನ ನಡುವೆ ಆಗದಿದ್ದರೆ ಪೂರ್ತಿ ಬಿಡುವ ಬದಲು ಬೆಳಗಿನ ಇಪ್ಪತ್ತು ನಿಮಿಷವನ್ನಾದರೂ ಉಳಿಸಿಕೊಳ್ಳಿ.

ಅರ್ಜಿ ಆನ್‌ಲೈನಿನಲ್ಲಿ, ಸೀಟು ಬೇಗ ತುಂಬುತ್ತದೆ. ಬೇಸಿಗೆ ರಜೆಗೆ ಹೋಗುವವರು ತಿಂಗಳುಗಳ ಮೊದಲೇ ಹಾಕಬೇಕು. ಸೀಟು ಸಿಕ್ಕ ಮೇಲೂ ಖಚಿತಪಡಿಸುವಂತೆ ಸಂದೇಶ ಬರುತ್ತದೆ. ಉತ್ತರಿಸದಿದ್ದರೆ ಸೀಟು ಹೋಗಬಹುದು. ಹೋಗಲಾಗದಿದ್ದರೆ ತಕ್ಷಣ ರದ್ದು ಮಾಡಿ, ಕಾಯುವ ಪಟ್ಟಿಯಲ್ಲಿ ನಿಮ್ಮ ಹಾಗೆಯೇ ಬಳಲಿದವರೊಬ್ಬರು ಇರುತ್ತಾರೆ.